ಕಮಲಾಪುರದ ಉಪವಾಸ

ನಾನು ಸುಳ್ಳು ಬರೆದೆ. ಹನ್ನೊಂದು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಕಮಲಾಪುರದ ಮಲ್ಕಪ್ಪನವರ ಮನೆಯ ಪಡಸಾಲೆಯಲ್ಲಿ, ಬಾಗಿಲಿನಿಂದ ಎರಡನೆಯ ಕಂಬದ ಬಳಿ ನಿಂತು ಬರೆದೆ. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ರಕ್ತ ಕೊಡುವವರು ಹನ್ನೆರಡು ತಾಸು ಉಪವಾಸ ಇದ್ದಾರೆಯೇ? ‘ಹೌದು’ ಎಂಬಲ್ಲಿ ಗುರುತು ಹಾಕಿದೆ. ಹಾಕುವಾಗ ಬೆರಳಿಗೆ ಒಗ್ಗರಣೆಯ ಎಣ್ಣೆ ಅಂಟಿತ್ತು.

ಆಗ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಕಿರಿಯ ಸಂಶೋಧಕ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಎಷ್ಟಿರುತ್ತದೆ ಎಂದು ಮನೆಮನೆಗೆ ಹೋಗಿ ಅಳೆಯುವ ಕೆಲಸ. ಮಲ್ಕಪ್ಪನವರು ಕೆಂಪು ಬಾಳೆ ಬೆಳೆಯುವವರು. ನಾನು ಹೇಳಿದ್ದಂತೆ ಹಿಂದಿನ ಸಂಜೆಯಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಹಸಿವು ತಡೆಯದವನು ನಾನು — ಜೇವರ್ಗಿ ಕಾಲೋನಿಯ ಮನೆಯಿಂದ ಐದಕ್ಕೇ ಹೊರಟಿದ್ದೆ. ಅವರ ಹೆಂಡತಿ ನಾಗಮ್ಮ ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ ತಂದಿಟ್ಟರು, ಜೊತೆಗೆ ಬಿಸಿ ಮಿರ್ಚಿ ಭಜಿ. ಬೇಡ ಎನ್ನುವ ಮೊದಲೇ ನನ್ನ ಕೈ —

“ನೀವೊಬ್ರೇ ಹ್ಯಾಂಗ ತಿಂತೀರಿ ಡಾಕ್ಟರೇ, ನಾನೂ ಕೂಡ್ತೀನಿ,” ಎಂದು ಮಲ್ಕಪ್ಪನವರು ಎದುರಿಗೆ ಕುಳಿತರು.

ನಮ್ಮ ಜೀಪಿನ ಚಾಲಕ ರಶೀದ್ ಭಾಯಿ ಎರಡನೆಯ ಪ್ಲೇಟಿನಿಂದ ತಲೆ ಎತ್ತಿ, “ಸರ್, ರಕ್ತ ತಗೊಂಡ ಮ್ಯಾಲ ತಿನ್ನಬೇಕಿತ್ತಲ್ರಿ?” ಎಂದರು. ಆ ಪಡಸಾಲೆಯಲ್ಲಿ ಆಗ ವಿಜ್ಞಾನ ಗೊತ್ತಿದ್ದವರು ಅವರೊಬ್ಬರೇ.

“ಒಂದ್ ಪ್ಲೇಟಿನಾಗ ಏನ್ ಆಗ್ತದ ಬಿಡ್ರಿ,” ಎಂದೆ. ಮುಂದಿನದಕ್ಕೆಲ್ಲ ಮೂಲ ಈ ಮಾತು. ಆಮೇಲೆ ಸಕ್ಕರೆ ಹಾಕಿದ ಚಹಾ ಬಂತು, ಬಾಳೆಹಣ್ಣು ಬಂತು. ಎಲ್ಲ ಆದ ಮೇಲೆ ರಕ್ತ ತೆಗೆದೆ.

ಅಲ್ಲಿಗೆ ನಿಲ್ಲಲಿಲ್ಲ. ಪಕ್ಕದ ಮನೆಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. “ಅವ್ರ ಮನ್ಯಾಗ ತಿಂದು ನಮ್ಮನ್ಯಾಗ ಬ್ಯಾಡ ಅಂದ್ರ ಹ್ಯಾಂಗ್ರಿ?” ನಾಲ್ಕು ದಿನ, ಹೋದ ಮನೆಯಲ್ಲೆಲ್ಲ ತಿಂದೆ, ಪ್ರತಿ ಮನೆಯ ಯಜಮಾನರೂ ನನಗೆ ಜೊತೆಯಾಗಲೆಂದು ತಿಂದರು. ಒಂದು ಕಡೆ ‘ಇಲ್ಲ’ ಎಂದು ಬರೆದರೆ ಮೊದಲಿನ ‘ಹೌದು’ಗಳ ಗತಿ — ಹೀಗಾಗಿ ‘ಹೌದು’ ಎಂದೇ ಬರೆದುಕೊಂಡು ಹೋದೆ. ತಿಂಗಳ ನಂತರ ಎಲ್ಲರಿಗೂ ಅವರವರ ಸಕ್ಕರೆಯ ಅಳತೆ ಬರೆದು ಚೀಟಿ ಕಳಿಸಿದೆ. ಕೆಳಗೆ ‘ಸಿಹಿ ಕಡಿಮೆ ಮಾಡಿ’ ಎಂಬ ಸಲಹೆ.

ರಾತ್ರಿಯಿಡೀ ಉಪವಾಸವಿದ್ದರೂ ಕಮಲಾಪುರದವರ ರಕ್ತದಲ್ಲಿ ಸಕ್ಕರೆ ಇಳಿಯುವುದಿಲ್ಲ ಎಂಬ ನನ್ನ ಪ್ರಬಂಧ ಅಚ್ಚಾಯಿತು. ನನ್ನ ಉಳಿದ ಪ್ರಬಂಧಗಳು ಪ್ರಾಮಾಣಿಕವಾದವು. ಅವನ್ನು ಯಾರೂ ಓದಿಲ್ಲ. ಇದನ್ನು ಮಾತ್ರ ದೇಶವಿದೇಶದವರು ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದರು. ಕಾರಣ ಮಣ್ಣಿನಲ್ಲಿದೆ ಎಂದು ಒಬ್ಬರು, ವಂಶವಾಹಿಯಲ್ಲಿದೆ ಎಂದು ಇನ್ನೊಬ್ಬರು. ಸುಸಲಾದಲ್ಲಿ ಹುಡುಕಿದವರಿಲ್ಲ. ಪ್ರತಿ ಉಲ್ಲೇಖಕ್ಕೂ ಮೊಬೈಲಿಗೆ ಸಂದೇಶ ಬರುತ್ತಿತ್ತು. ಅದನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ. ಆ ಉಲ್ಲೇಖಗಳ ಬಲದಿಂದಲೇ ಪ್ರೊಫೆಸರ್ ಆದೆ.

ಈ ವರ್ಷ ಕಾಲೇಜಿನವರು ಆ ಪ್ರಬಂಧಕ್ಕಾಗಿ ಸನ್ಮಾನ ಇಟ್ಟುಕೊಂಡರು. ಮೊಟ್ಟಮೊದಲು ರಕ್ತ ಕೊಟ್ಟವರಿಗೂ ಶಾಲು ಹೊದಿಸೋಣ ಎಂದರು. ಮಲ್ಕಪ್ಪನವರನ್ನು ಕರೆಯಲು ಹೋದೆ. ಗಂಡ ಹೆಂಡತಿ ತೋಟದಲ್ಲಿ ಗೊನೆ ಕಡಿದು ಇಡುತ್ತಿದ್ದರು. ಮಲ್ಕಪ್ಪನವರು ನನಗೊಂದು ಹಣ್ಣು ಕೊಟ್ಟರು, ತಾವು ತಿನ್ನಲಿಲ್ಲ.

“ನೀವು?” ಎಂದೆ.

“ನಿಮ್ಮ ಚೀಟಿ ನೋಡಿದ ದಿನಾನೇ ಬಿಟ್ಟೀನ್ರಿ. ಸಕ್ಕರಿ, ಹೋಳಗಿ, ಈ ಹಣ್ಣು — ಎಲ್ಲಾ. ಆಮ್ಯಾಲ ಎಷ್ಟ್ ಸಲ ತಪಾಸ ಮಾಡಿಸಿದ್ರೂ ನಾರ್ಮಲ್ ಅದ ನೋಡ್ರಿ. ಬಿಟ್ಟಿದ್ದಕ್ಕ!”

ಎಂಥ ಹೆಮ್ಮೆ ಆ ಮುಖದಲ್ಲಿ. ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು, ಕಂಬದಿಂದ ಶುರು ಮಾಡಿ, ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

“ಮಗಳ ಮದ್ವಿಯೊಳಗ ಹೋಳಗಿ ವಾಸನಿ ನೋಡಿ ಕೆಳಗ ಇಟ್ಟೀನಲ್ರೀ,” ಎಂದರು.

ನಾಗಮ್ಮ ನನ್ನನ್ನೇ ನೋಡುತ್ತಿದ್ದರು. “ಇವ್ರು ಬಿಟ್ರಂತ ನಾನೂ ಬಿಟ್ಟೀನಿ. ನನ್ನ ರಕ್ತ ಯಾರೂ ತಗೊಂಡೇ ಇಲ್ಲ, ಸಾಹೇಬ್ರ.”

ತಪ್ಪಾಯಿತು ಎಂದೆ. “ನನಗ ಹೇಳಿದ್ರ ಏನಾತ್ರಿ?” ಎಂದರು ಮಲ್ಕಪ್ಪನವರು. “ಅದನ್ನ ಖರೇ ಅಂತ ಓದಿದವ್ರಿಗೆ ಹೇಳ್ರಿ.”

ಸನ್ಮಾನ ಬೇಡವೆಂದು ಬರೆದುಕೊಟ್ಟೆ. ಪ್ರಬಂಧವನ್ನು ಹಿಂಪಡೆಯಿರಿ ಎಂದು ಅಚ್ಚು ಹಾಕಿದ ಪತ್ರಿಕೆಗೆ ಬರೆದೆ. ಉಲ್ಲೇಖಿಸಿದ ಒಬ್ಬೊಬ್ಬರಿಗೂ ಬರೆಯುತ್ತಿದ್ದೇನೆ. ಹಾಗಾದರೆ ನಮ್ಮ ಪ್ರಬಂಧದ ಪಾಡೇನು ಎಂದು ಇಬ್ಬರು ಬೈದಿದ್ದಾರೆ. ಹನ್ನೊಂದು ವರ್ಷದ ಸಪ್ಪೆ ಚಹಾವನ್ನು ಹಿಂಪಡೆಯಲು ಯಾರಿಗೆ ಬರೆಯಬೇಕೋ — ಗೊತ್ತಿಲ್ಲ.

ಕಣ್ಣಾರೆ ಕಂಡ ಸಾಕ್ಷಿ ಇದ್ದಾರೆಯೇ ಎಂದು ಪತ್ರಿಕೆಯವರು ಕೇಳಿದ್ದಾರೆ. ಇದ್ದಾರೆ. ಎದುರಿಗೆ ಕುಳಿತು ತಿಂದ ಮಲ್ಕಪ್ಪನವರು. ಬಡಿಸಿದ ನಾಗಮ್ಮ. ಈಗ ಸ್ಟೇಶನ್ ಬಜಾರದಲ್ಲಿ ಆಟೋ ಓಡಿಸುವ ರಶೀದ್ ಭಾಯಿ — “ನಾ ಬ್ಯಾಡ ಅಂದಿದ್ದೂ ಬರೀರಿ ಸರ್, ಎರಡ್ ಪ್ಲೇಟ್ ತಿಂದಿದ್ದೂ ಬರೀರಿ,” ಎಂದಿದ್ದಾರೆ. ಮೂವರೂ ಬದುಕಿದ್ದಾರೆ. ಮೂವರಿಗೂ ನೆನಪಿದೆ.