ಕುಳ್ಳರಿಗೆ ಇಟ್ಟ ವಾರದ ಹೆಸರು

ನನ್ನ ಮೊಮ್ಮಗಳು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಡೇಗೆ ಒಂದು ನಾಟಕ ಬರೆದಳು. ಬೆಟ್ಟದ ಹೊಟ್ಟೆಯೊಳಗೆ ವಾಸ ಮಾಡುವ ಏಳು ಮಂದಿ ಕುಳ್ಳರ ಕಥೆ. ಅವರಿಗೆ ಗಡ್ಡ, ಕೈಯಲ್ಲಿ ಪಿಕ್ಕಾಸು. ಕಲ್ಲು ಒಡೆದು ಬಂಗಾರ ಹುಡುಕುವುದು ಅವರ ಕೆಲಸ. ಇಂಥ ಕಥೆಗಳನ್ನು ಅವಳು ಮೊಬೈಲಿನಲ್ಲಿ ಓದುತ್ತಿದ್ದಳು, ಹೆಸರುಗಳನ್ನೂ ಅಲ್ಲಿಂದಲೇ ತಂದಿದ್ದಳು. ಗ್ರಂಡ್‌ವೋಲ್ಡ ಎಂದು ಒಬ್ಬ, ಬ್ರಾಗ್ನುಂಡ ಎಂದು ಇನ್ನೊಬ್ಬ. ಅಭ್ಯಾಸದ ಮೊದಲ ದಿನವೇ ಮಕ್ಕಳ ನಾಲಿಗೆ ತೊಡರಿತಂತೆ. ಬೇರೆ ಹೆಸರು ಹುಡುಕಿಕೊಂಡು ಬಾ ಎಂದು ಟೀಚರ್ ಕಳಿಸಿದರು.

ಅವಳು ಬಂದು ನನ್ನನ್ನು ಕೇಳಿದಳು. ನಾನು ಓದಿದ್ದು ಐದನೆಯ ಕ್ಲಾಸಿನವರೆಗೆ. ಆದರೆ ಹೆಸರಿಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಹಟ್ಟಿಯ ದನಗಳಿಗೆಲ್ಲ ಹೆಸರಿಟ್ಟದ್ದು ನಾನು, ನಾಯಿಗಳಿಗೂ ನಾನೇ. ಪಾತ್ರೆ ತಿಕ್ಕುತ್ತಾ ಹೇಳಿದೆ: ಮಣ್ಣಿನೊಳಗೆ ದುಡಿಯುವವರಿಗೆ ಉದ್ದ ಹೆಸರು ಯಾಕೆ? ಏಳು ಜನ, ವಾರಕ್ಕೂ ಏಳೇ ದಿನ. ವಾರದ ಹೆಸರು ಇಡು. ಆದಿತ್ಯವಾರಕ್ಕೆ ಐತ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ. ಉಳಿದ ನಾಲ್ಕನ್ನೂ ಹೇಳಿಕೊಟ್ಟೆ. ಅವಳು ಕುಣಿದಾಡಿಬಿಟ್ಟಳು. ಅಜ್ಜಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳಿಗೆ ಆಶ್ಚರ್ಯ. ನನಗೆ ಸ್ವಲ್ಪ ಜಂಬವೂ ಬಂತು.

ಈಗಿನ ಮಕ್ಕಳಿಗೆ ಗೊತ್ತಿಲ್ಲದ್ದನ್ನು ಇಲ್ಲಿ ಹೇಳಬೇಕು. ನಮ್ಮ ಕಡೆ ಹಿಂದೆ ಹುಟ್ಟಿದ ವಾರ ನೋಡಿ ಹೆಸರಿಡುತ್ತಿದ್ದರು. ಎಲ್ಲರಿಗೂ ಅಲ್ಲ. ನಮ್ಮಂಥ ಗದ್ದೆ ತೋಟ ಇದ್ದವರ ಮಕ್ಕಳಿಗೆ ದೇವರ ಹೆಸರು. ನಮ್ಮಲ್ಲಿ ಕೆಲಸಕ್ಕೆ ಬರುವವರ ಮಕ್ಕಳಿಗೆ ವಾರದ ಹೆಸರು. ಅವರು ಬೇರೆ ಹೆಸರಿಟ್ಟರೆ ನಮ್ಮ ಹಿರಿಯರು ಮುಖ ಸಿಂಡರಿಸುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಎರಡು ವಾರದ ನಂತರ ಮೊಮ್ಮಗಳು ಮುಖ ಚಿಕ್ಕದು ಮಾಡಿಕೊಂಡು ಬಂದಳು. ಕುಳ್ಳರಲ್ಲೆಲ್ಲ ಮುಂದೆ ನಿಂತು ಅಗೆಯುವ ಕುಳ್ಳನ ಪಾತ್ರ ಮಾಡುತ್ತಿದ್ದ ಹುಡುಗಿ ನಾಲ್ಕು ದಿನದಿಂದ ಶಾಲೆಗೇ ಬಂದಿಲ್ಲ ಎಂದಳು. ಇನ್ನು ನಾಟಕಕ್ಕೂ ಬರುವುದಿಲ್ಲ, ಶಾಲೆಗೂ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳಂತೆ. ಕ್ಲಾಸಿನ ಮಕ್ಕಳು ಅವಳನ್ನು ಒಂದು ಹೆಸರಿನಿಂದ ಕರೆದು ನಗುತ್ತಿದ್ದರಂತೆ. ಆ ಏಳು ಹೆಸರುಗಳಲ್ಲಿ ಒಂದು ಅವಳ ಅಜ್ಜನದೇ ಎಂದು ಯಾರೋ ಹೇಳಿಕೊಟ್ಟಿದ್ದರು.

ಯಾರ ಮನೆಯ ಹುಡುಗಿ ಎಂದು ಕೇಳಿದೆ. ಮೊಮ್ಮಗಳು ಹೇಳಿದಾಗ ಸೌಟು ಬದಿಗಿಟ್ಟು ಒಲೆ ಆರಿಸಿದೆ.

ಆ ಅಜ್ಜ ನಮ್ಮ ಸುರಂಗ ತೋಡಿದವರು. ಸುರಂಗ ಎಂದರೆ ನೀರಿನ ಸುರಂಗ. ಗುಡ್ಡೆಯ ಬದಿಯಿಂದ ಒಳಕ್ಕೆ, ಒಬ್ಬ ಬಗ್ಗಿ ಹೋಗುವಷ್ಟು ಎತ್ತರಕ್ಕೆ ಕೆಂಪು ಮುರಕಲ್ಲು ಕೊರೆಯುತ್ತಾ ಹೋಗುವುದು. ಒರತೆ ಸಿಕ್ಕಿದರೆ ನೀರು ತಾನೇ ಹರಿದು ಹೊರಗೆ ಬರುತ್ತದೆ. ನಾನು ಮದುವೆಯಾಗಿ ಬಂದ ವರ್ಷ ಅವರು ನಮ್ಮದನ್ನು ತೋಡಿದರು. ಈಗಲೂ ಅದೇ ನೀರು ಕುಡಿಯುತ್ತೇವೆ. ಅವರ ಹೆಸರು ಆ ಏಳರಲ್ಲಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟಕ್ಕೆಲ್ಲ ಶಾಲೆ ಬಿಡುವುದುಂಟಾ ಎಂದು ಗೊಣಗಿದೆ. ಮೊಮ್ಮಗಳು ಒಂದೇ ಮಾತು ಕೇಳಿದಳು.

“ಹಾಗಾದ್ರೆ ನಮ್ಮ ಅಜ್ಜನ ಹೆಸರು ಯಾಕೆ ಹೇಳಲಿಲ್ಲ ಅಜ್ಜಿ, ಕುಳ್ಳನಿಗೆ?”

ನನ್ನ ಗಂಡನ ಹೆಸರು ಕುಳ್ಳನಿಗೆ! ಅದು ನನ್ನ ತಲೆಗೆ ಬರುವ ಸಂಗತಿಯೇ ಅಲ್ಲ. ಯಾಕೆ ಬರಲಿಲ್ಲ ಎಂದು ಆಗ ಅರ್ಥವಾಯಿತು. ಮರುದಿನ ಬೆಳಿಗ್ಗೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಗುಡ್ಡೆ ಹತ್ತಿದೆ. ಸುರಂಗ ತೋಡಿದ ಆ ಅಜ್ಜನ ಮನೆ ಗುಡ್ಡೆಯ ಆಚೆ ಬದಿಯಲ್ಲಿ.

ಅವರು ಜಗಲಿಯಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಸೀಳಿ ಹಿಡಿಸೂಡಿ, ಅಂದರೆ ಪೊರಕೆ, ಕಟ್ಟುತ್ತಿದ್ದರು. ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಎಂತ ಅಮ್ಮ, ಗುಡ್ಡೆ ಹತ್ತಿ ಬಂದದ್ದು? ಸುರಂಗದ ನೀರು ನಿಂತಿತಾ?”

“ನೀರು ಉಂಟು. ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕುಂಟು” ಎಂದೆ.

ಅಷ್ಟು ವರ್ಷ ಹೆಸರು ಹಿಡಿದು ‘ನೀನು’ ಎಂದೇ ಕರೆದವಳು ನಾನು. ‘ನೀವು’ ಎಂದದ್ದು ಕೇಳಿ ಅವರು ನನ್ನ ಹಿಂದೆ ನೋಡಿದರು, ಬೇರೆ ಯಾರಾದರೂ ಬಂದಿದ್ದಾರೋ ಎಂದು.

ಹೆಸರು ಹೇಳಿಕೊಟ್ಟದ್ದು ನಾನು, ಮಕ್ಕಳದ್ದು ತಪ್ಪಿಲ್ಲ ಎಂದೆ. ಅವರು ಕಡ್ಡಿ ಸೀಳುವುದನ್ನು ನಿಲ್ಲಿಸಲಿಲ್ಲ.

“ಗೊತ್ತುಂಟು. ಈಗಿನ ಮಕ್ಕಳಿಗೆ ವಾರದ ಹೆಸರು ಎಲ್ಲಿ ಗೊತ್ತು? ನಿಮ್ಮದೇ ಅಂತ ನಾನು ಆಗಲೇ ಹೇಳಿದ್ದೆ, ಮನೆಯಲ್ಲಿ.”

ಇನ್ನೊಂದು ಕಡ್ಡಿ ಎತ್ತಿಕೊಂಡು ಅವರೇ ಮುಂದುವರಿಸಿದರು.

“ನನ್ನ ಮಗನನ್ನು ಶಾಲೆಗೆ ಸೇರಿಸುವಾಗ ನಿಮ್ಮ ಮಾವ ನಾನೇ ಬಂದು ಹೆಸರು ಬರೆಸ್ತೇನೆ ಅಂದ್ರು. ಅವರು ಬಂದ್ರೆ ಎಂತ ಬರೆಸ್ತಾರೆ ಅಂತ ನನಗೆ ಗೊತ್ತಿತ್ತು. ಹಿಂದಿನ ದಿನವೇ ಹೋಗಿ ಒಳ್ಳೆ ಹೆಸರು ಬರೆಸಿ ಬಂದೆ. ಅದಕ್ಕೆ ಆರು ತಿಂಗಳು ನನಗೆ ನಿಮ್ಮಲ್ಲಿ ಕೆಲಸ ಇರ್ಲಿಲ್ಲ. ಈ ಹೆಸರು ನನ್ನಲ್ಲಿಗೇ ಮುಗಿಯಬೇಕಿತ್ತು ಅಮ್ಮ. ನೀವು ತಂದು ನನ್ನ ಮೊಮ್ಮಗಳ ತಲೆಗೆ ಕಟ್ಟಿದ್ರಿ.”

ಆ ಆರು ತಿಂಗಳು ನನಗೆ ನೆನಪಿದೆ. ಅವರಿಗೆ ಹುಷಾರಿಲ್ಲ ಎಂದು ಮನೆಯಲ್ಲಿ ಹೇಳಿದ್ದರು, ನಾನು ಹೌದೆಂದುಕೊಂಡಿದ್ದೆ. ತಪ್ಪಾಯಿತು ಎಂದೆ. ಅಷ್ಟೇ ಅಂದದ್ದು. ಉದ್ದ ಮಾಡಿ ಅಳುವುದು ನನಗೆ ಬರುವುದಿಲ್ಲ, ಅವರಿಗೂ ಅದು ಬೇಕಿರಲಿಲ್ಲ. ಪರವಾಗಿಲ್ಲ ಎಂದು ಅವರೂ ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಹೆಸರು ಬದಲಾಯಿಸುತ್ತೇವೆ, ಹುಡುಗಿಯನ್ನು ಕಳಿಸಿ ಎಂದೆ. ಬದಲಾಯಿಸಿ ಏನಿಡುತ್ತೀರಿ ಎಂದರು. ಆಗ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಹೊರಗೆ ಬಂದಳು. ಅತ್ತಿದ್ದ ಮುಖ, ಆದರೆ ಮಾತು ಚೂಪು.

“ಹೆಸರು ಮಾತ್ರ ಅಲ್ಲ ಅಜ್ಜಿ. ಆ ಕುಳ್ಳರಿಗೆ ಅಗೆಯಲಿಕ್ಕೇ ಬರುದಿಲ್ಲ. ಏಳು ಜನ ಒಟ್ಟಿಗೆ ಪಿಕ್ಕಾಸು ಬೀಸ್ತಾರೆ. ಸುರಂಗದಲ್ಲಿ ಹಾಗೆ ಬೀಸಿದ್ರೆ ಒಬ್ಬನ ಮಂಡೆಯೂ ಉಳಿಯುದಿಲ್ಲ.”

ಅಜ್ಜ ಮೊದಲ ಸಲ ನಕ್ಕರು. ನನಗೆ ಅಲ್ಲಿಯೇ ಅರ್ಧ ಜೀವ ಬಂತು. ತಪ್ಪು ಹುಡುಕುವ ಹುಡುಗಿ ನಾಟಕ ಬಿಟ್ಟವಳಲ್ಲ.

ಆ ಆದಿತ್ಯವಾರ ಹೊಸ ಹೆಸರು ಹುಡುಕಲು ಅಜ್ಜ, ಅವರ ಹುಡುಗಿ, ನಾನು, ನನ್ನ ಮೊಮ್ಮಗಳು ನಾಲ್ವರೂ ನಮ್ಮ ಸುರಂಗದ ಬಾಯಿಯಲ್ಲಿ ಕೂತೆವು. ಹೆಸರಿಗೆ ಅಜ್ಜನ ಲೆಕ್ಕ ಬೇರೆಯೇ. ಹೊರಗಿನವ ಕರೆದರೆ ಒಳಗಿನವನಿಗೆ ಕೇಳಬೇಕು, ಅದೇ ಹೆಸರು. ಒಳಗೆ ಗಾಳಿ ಕೆಟ್ಟರೆ ಮನುಷ್ಯನಿಗೆ ಗೊತ್ತಾಗುವುದಿಲ್ಲ, ಸುಮ್ಮನೆ ಮಂಪರು ಬರುತ್ತದೆ. ಅದಕ್ಕೇ ಹೊರಗಿದ್ದವರು ಆಗಾಗ ಕರೆಯುತ್ತಿರಬೇಕು, ಉತ್ತರ ಬಾರದಿದ್ದರೆ ಎಳೆದು ತರಬೇಕು. ಮೆತ್ತಗಿನ ಅಕ್ಷರವನ್ನು ಮಣ್ಣು ನುಂಗುತ್ತದೆ, ಗಟ್ಟಿ ಅಕ್ಷರ ಕಲ್ಲಿಗೆ ಬಡಿದು ಮುಂದೆ ಹೋಗುತ್ತದೆ ಎಂದರು.

ಸರಿ, ಅವರ ಹುಡುಗಿ ಟಾರ್ಚು ಹಿಡಿದು ಇಪ್ಪತ್ತು ಹೆಜ್ಜೆ ಒಳಗೆ ಹೋಗಿ ನಿಂತಳು. ನನ್ನ ಮೊಮ್ಮಗಳು ಹೊರಗಿನಿಂದ ಒಂದೊಂದೇ ಹೆಸರು ಕರೆದಳು. ಮುರಕಲ್ಲಿನಿಂದ ಮುರ್ಕ ಮಾಡಿದೆವು, ಅದು ಮೊದಲ ಸಲಕ್ಕೇ ಕೇಳಿತು. ಗುದ್ದುವವನಿಗೆ ಗುದ್ದ, ಅದೂ ಕೇಳಿತು. ಯಾವಾಗಲೂ ಅಳುವ ಕುಳ್ಳನೊಬ್ಬ ಇದ್ದ, ಅವನಿಗೆ ನಾನು ಒಸರ ಎಂದೆ. ಗುಡ್ಡೆಯಿಂದ ನೀರು ಒಸರುವುದಿಲ್ಲವೇ, ಹಾಗೆ. ಒಳಗಿಂದ “ಎಂತದು? ಎಂತದು?” ಎಂಬ ಕೂಗು ಬಂತು. ಮಣ್ಣು ನುಂಗಿತು ನೋಡಿ ಎಂದರು ಅಜ್ಜ. ಅವನು ಕೊನೆಗೆ ತಟಕ ಆದ, ಒರತೆಯ ಹನಿ ತಟಕು ತಟಕು ಬೀಳುತ್ತದಲ್ಲ. ಮಣ್ಣು ಹೊರುವವ ಬುಟ್ಟ. ಸಿಟ್ಟಿನವ ಕಿಡಿ. ಕೆಲಸದಿಂದ ಜಾರಿಕೊಳ್ಳುವವನಿಗೆ ಜೇಡಿಮಣ್ಣಿನ ಜೇಡಿ. ಗ್ರಂಡ್‌ವೋಲ್ಡನನ್ನೂ ಒಂದು ಸಲ ಕರೆದು ನೋಡಿದೆವು. ಒಳಗೆ ಹಂದಿ ನುಗ್ಗಿದ ಹಾಗೆ ಕೇಳಿತಂತೆ.

ಏಳನೆಯವ ಉಳಿದ. ಮುಂದೆ ನಿಂತು ಕಲ್ಲು ಒಡೆಯುವವ, ಆ ಹುಡುಗಿಯ ಪಾತ್ರ. ಅವನಿಗೇನು ಹೆಸರು ಎಂದು ಮೊಮ್ಮಗಳು ಹೆದರುತ್ತಲೇ ಕೇಳಿದಳು.

“ಮುಂದೆ ಇರುವವನನ್ನು ಹೆಸರು ಹಿಡಿದು ಕರೆಯುದಿಲ್ಲ” ಎಂದರು ಅಜ್ಜ. “ಅವ ಪಿಕ್ಕಾಸು ಎತ್ತಿದಾಗ ಕರೆದ್ರೆ ತಿರುಗಿ ನೋಡ್ತಾನೆ, ಗುರಿ ತಪ್ತದೆ. ಅವನ ಹಿಂದಿದ್ದವನನ್ನು ಕರೆಯುದು. ಅವ ಬೆನ್ನು ಮುಟ್ಟಿ ಹೇಳ್ತಾನೆ. ನಾವು ತೋಡುವಾಗ ಹಾಗೇ.”

ಹುಡುಗಿ ಸುರಂಗದಿಂದ ಹೊರಗೆ ಬಂದು ಕೂದಲಿನ ಮಣ್ಣು ಕೊಡವಿಕೊಂಡಳು. ಹಾಗಾದರೆ ನನಗೆ ಹೆಸರು ಬೇಡ, ಬೆನ್ನು ಮುಟ್ಟಿದರೆ ಸಾಕು ಎಂದಳು. ಹೆಸರಿಲ್ಲದವನನ್ನು ಕ್ಲಾಸಿನಲ್ಲಿ ಏನೆಂದು ಕರೆದು ನಗುತ್ತಾರೆ? ಅವಳು ಆ ಲೆಕ್ಕ ಹಾಕಿದ್ದಳು ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ನಾಟಕದಲ್ಲಿ ಕುಳ್ಳರು ಬಂಗಾರದ ಬದಲು ನೀರು ಹುಡುಕುವಂತೆ ಹುಡುಗಿಯರು ಬದಲಾಯಿಸಿದರು. ಏಳು ಜನ ಸಾಲಾಗಿ ನಿಂತು, ಒಬ್ಬ ಒಡೆಯುವುದು, ಉಳಿದವರು ಕೈಯಿಂದ ಕೈಗೆ ಬುಟ್ಟಿ ದಾಟಿಸುವುದು ಎಂದಾಯಿತು. ಸೋಮವಾರ ಹುಡುಗಿ ಶಾಲೆಗೆ ಹೋದಳು.

ಹೋದಳು ನಿಜ, ಆದರೆ ನನ್ನ ಹೆದರಿಕೆ ಹೋಗಿರಲಿಲ್ಲ. ಮಕ್ಕಳ ಬಾಯಿಗೆ ಒಮ್ಮೆ ಹತ್ತಿದ ಹೆಸರು ಬೇಗ ಇಳಿಯುವುದಿಲ್ಲ. ಸ್ಕೂಲ್ ಡೇ ಸಂಜೆ ನಾನು ಅಜ್ಜನ ಪಕ್ಕದ ಕುರ್ಚಿಯಲ್ಲಿ ಕೂತೆ. ನಮ್ಮ ಮನೆಯವರು ಮುಂದಿನ ಸಾಲಿಗೆ ಕರೆದರು, ಹೋಗಲಿಲ್ಲ. ಪರದೆ ಸರಿಯಿತು. ಸೆಗಣಿ ಬಣ್ಣದ ಗೋಣಿ ಹೊದ್ದ ಕುಳ್ಳರು ಮೊಣಕಾಲಲ್ಲಿ ನಡೆದು ಬಂದರು. ಬುಟ್ಟನ ಗಡ್ಡ ಕಳಚಿ ಬಿತ್ತು, ಜನ ನಕ್ಕರು. ಅಜ್ಜನ ಹುಡುಗಿಯ ಸರದಿ ಬಂದಾಗ ನಾನು ಸೆರಗಿನ ತುದಿಯನ್ನು ಮುದ್ದೆ ಮಾಡಿ ಹಿಡಿದಿದ್ದೆ. ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬ ಆ ವಾರದ ಹೆಸರು ಕೂಗಿದ್ದರೆ ಸಾಕಿತ್ತು, ಎಲ್ಲ ಕೆಡುತ್ತಿತ್ತು. ಯಾರೂ ಕೂಗಲಿಲ್ಲ. ಅವಳು ಪಿಕ್ಕಾಸು ಎತ್ತಿದಳು, ಹಿಂದಿದ್ದ ಮುರ್ಕ ಅವಳ ಬೆನ್ನು ಮುಟ್ಟಿದ. ಅವಳು ಪಿಕ್ಕಾಸು ಕೆಳಗಿಟ್ಟು, ಒಳಗೆ ನೀರಿನ ಸದ್ದು ಕೇಳುತ್ತದೋ ಎಂದು ಕಲ್ಲಿಗೆ ಕಿವಿ ಕೊಟ್ಟು ನಿಂತಳು. ಸಭೆಯೂ ಕಿವಿ ಕೊಟ್ಟು ಕೂತಿತು.

ಪಕ್ಕದಲ್ಲಿ ಅಜ್ಜ ಮೆಲ್ಲ ಹೇಳಿದರು: “ಪಿಕ್ಕಾಸಿನ ಕೈ ಸ್ವಲ್ಪ ಮೇಲೆ ಹಿಡಿದದ್ದಾಯ್ತು. ಬೇರೆ ಎಲ್ಲ ಸರಿ ಉಂಟು.”

ಈಗ ಹುಡುಗಿಯರಿಬ್ಬರೂ ಹತ್ತನೆಯ ಕ್ಲಾಸು, ಒಂದೇ ಬೆಂಚು. ಕ್ಲಾಸಿನಲ್ಲಿ ಅಡ್ಡ ಹೆಸರು ಬಿದ್ದದ್ದು ನನ್ನ ಮೊಮ್ಮಗಳಿಗೆ. ಅವಳನ್ನು ಎಲ್ಲರೂ ಜೇಡಿ ಎಂದು ಕರೆಯುತ್ತಾರಂತೆ. ಅವಳು ಮುಖ ಊದಿಸಿಕೊಂಡು ಬಂದು ಹೇಳಿದಾಗ ನಾನು ಹೊಟ್ಟೆ ತುಂಬ ನಕ್ಕೆ. ಪಾತ್ರೆ ತಿಕ್ಕಲು ಕರೆದರೆ ಜಾರಿಕೊಳ್ಳುವವಳಿಗೆ ಬೇರೆ ಯಾವ ಹೆಸರು ಹೊಂದುತ್ತದೆ?