ಹಳೇಬೀಡಿನಲ್ಲಿ ನಾನೊಬ್ಬಳೇ ಇಳಿದೆ

ಆಗುವುದು ಮನಸ್ಸಿಗೆ ಮೊದಲೇ ತಿಳಿಯುತ್ತದೆ ಎನ್ನುವವರನ್ನು ನಾನು ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ನಾನು ಹುಟ್ಟಾ ಪುಕ್ಕಲಿ. ಯಜಮಾನರು ಅರಸೀಕೆರೆಯಿಂದ ಬರುವುದು ಸ್ವಲ್ಪ ತಡವಾದರೆ ಸಾಕು, ಬೈಕನ್ನು ಲಾರಿಗೆ ಗುದ್ದಿಸಿ, ಅವರನ್ನು ಆಸ್ಪತ್ರೆಗೆ ಸೇರಿಸಿ, ತಿಥಿಯವರೆಗೂ ಯೋಚಿಸಿ ಮುಗಿಸಿರುತ್ತಿದ್ದೆ. ಅಷ್ಟರಲ್ಲಿ ಅವರು ಬಂದು ಕೈಕಾಲು ತೊಳೆಯುತ್ತಿರುತ್ತಿದ್ದರು. "ಇವತ್ತು ಎಷ್ಟು ಸಲ ಸಾಯಿಸ್ದೆ ನನ್ನ?" ಎಂದು ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಅವರ ಪಾಲಿಗೆ ನನ್ನದು ಅಪಶಕುನದ ಬಾಯಿ.

ನಮ್ಮದು ತೆಂಗಿನ ತೋಟದ ಮನೆ. ಅಟ್ಟದ ಮೇಲೆ ಕಾಯಿ ಕೂಡಿಟ್ಟು ಕೊಬ್ಬರಿ ಮಾಡುತ್ತೇವೆ. ಯಜಮಾನರು ಒಂದೊಂದು ಕಾಯಿಯನ್ನೂ ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಿದ್ದರು. ಒಳಗೆ ನೀರು ಗುಳುಗುಳು ಎಂದರೆ ಇನ್ನೂ ಆಗಿಲ್ಲ. ನೀರೆಲ್ಲ ಇಂಗಿ, ಒಳಗಿನ ಒಣಗಿದ ತಿರುಳು, ಅಂದರೆ ಗಿಟುಕು, ಬಿಟ್ಟುಕೊಂಡು ಚಿಪ್ಪಿಗೆ ಗಟ್ಟಿಯಾಗಿ ಬಡಿದರೆ ಆಯಿತು ಎಂದರ್ಥ. "ನಿನ್ನ ಹೊಟ್ಟೇಲಿರೋದು ಬರೀ ನೀರು ಕಣೇ" ಎಂದು ಛೇಡಿಸುತ್ತಿದ್ದರು. ಅದು ಸುಳ್ಳಲ್ಲ. ನನ್ನ ಭಯ ಹಾಗಾದರೆ, ಹೀಗಾದರೆ ಎಂದು ಸದಾ ವಟಗುಟ್ಟುತ್ತಲೇ ಇರುತ್ತಿತ್ತು. ಕಾಯಿಯ ಮಾತನ್ನು ಅಷ್ಟು ಕಿವಿಗೊಟ್ಟು ಕೇಳುವ ಮನುಷ್ಯ ಹೆಂಡತಿಯ ಮಾತನ್ನು ಹಾಗೆ ಕೇಳಿದ್ದು ಮಾತ್ರ ಕಡಿಮೆ.

ಕೆಲವು ವರ್ಷಗಳ ಹಿಂದೆ ಬೇಲೂರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿಸಿ, ಅತ್ತೆಯನ್ನು ಮಗಳ ಮನೆಯಲ್ಲೇ ಬಿಟ್ಟು ನಾವಿಬ್ಬರೂ ಊರಿನ ಬಸ್ಸು ಹತ್ತಿದೆವು. ಬಸ್ಸು ಹಳೇಬೀಡಿನಲ್ಲಿ ನಿಂತಾಗ ನನ್ನೊಳಗಿನಿಂದ ಒಂದೇ ಮಾತು ಬಂತು: ಇಳಿ. ಎದೆ ಡವಡವ ಎನ್ನಲಿಲ್ಲ, ಅಂಗೈ ಬೆವರಲಿಲ್ಲ. ಲಾರಿಯಿಲ್ಲ, ಆಸ್ಪತ್ರೆಯಿಲ್ಲ. ಗಿಟುಕು ಚಿಪ್ಪಿಗೆ ಬಡಿದ ಹಾಗೆ ಒಂದು ಸಲ, ಅಷ್ಟೇ. ನಾನು ಎದ್ದು ಇಳಿದುಬಿಟ್ಟೆ.

ಯಜಮಾನರು ಕಿಟಕಿಯಿಂದ ಮುಖ ಹೊರಗೆ ಹಾಕಿದರು. "ಏನೇ, ಮತ್ತೆ ಶುರುವಾಯ್ತಾ?"

"ನೀವೂ ಇಳೀರಿ. ಈ ಬಸ್ಸು ಬ್ಯಾಡ."

"ಹಸ ಕರೆಯೋರು ಯಾರು? ನಾನು ಹೋಗಿರ್ತೀನಿ. ನಿನ್ನ ದಿಗಿಲು ಮುಗಿದ್ಮೇಲೆ ಬಾ."

ನಗುತ್ತಲೇ ಹೋದರು. ನಾನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆ. ನಿಮಗೆ ವಿಚಿತ್ರ ಎನ್ನಿಸಬಹುದು, ಮದುವೆಯಾದ ಮೇಲೆ ನಾನು ಅಷ್ಟು ನೆಮ್ಮದಿಯಾಗಿ ಎಲ್ಲೂ ಕೂತಿರಲಿಲ್ಲ. ಅವರಿಗೊಂದು ಫೋನು ಮಾಡೋಣ ಎಂದೂ ಅನ್ನಿಸಲಿಲ್ಲ.

ಆ ಬಸ್ಸಿಗೆ ಏನೂ ಆಗಲಿಲ್ಲ. ಮುಂದಿನ ಬಸ್ಸಿನಲ್ಲಿ ನಾನು ಊರು ತಲುಪಿದಾಗ ಇನ್ನೂ ಬೆಳಕಿತ್ತು. ಯಜಮಾನರು ಆರಾಮಾಗಿ ಇಳಿದು ಎಲೆ ಅಡಿಕೆ ಕಟ್ಟಿಸಿಕೊಂಡು ಹೋದರೆಂದು ಅಂಗಡಿಯವನು ಹೇಳಿದ. ಮನೆಯ ಹತ್ತಿರ ಬಂದರೆ ಹಸು ಕೂಗುತ್ತಿತ್ತು. ಅವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು, ಎಲೆ ಅಡಿಕೆಯ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ಮೈ ತಣ್ಣಗಾಗಿತ್ತು. ಎದೆನೋವು ಬಂದಾಗ ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ ಉಳಿಸಬಹುದಿತ್ತೇನೋ ಎಂದರು ಡಾಕ್ಟರು.

ನನ್ನನ್ನು ಇಳಿಸಿದ್ದು ಯಾವುದು? ಅದಕ್ಕೆ ಗೊತ್ತಿದ್ದರೆ ನನ್ನನ್ನು ಮನೆಗೆ ಓಡಿಸಬೇಕಿತ್ತು, ಅವರಿಂದ ದೂರ ಮಾಡಿ ಬೆಂಚಿನ ಮೇಲೆ ಕೂರಿಸಿದ್ದೇಕೆ? ಗೊತ್ತಿಲ್ಲದಿದ್ದರೆ ಅಂಥ ನೆಮ್ಮದಿ ಎಲ್ಲಿಂದ ಬಂತು? ವಟಗುಟ್ಟುವ ಭಯ ನನ್ನ ಗಂಡನಿಗೆ ಒಂದು ದಿನವೂ ಕೆಡುಕು ಮಾಡಲಿಲ್ಲ. ಒಂದೇ ಮಾತಾಡಿದ ಅದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೆಣದ ಮುಂದೆ ಅತ್ತೆ ಎಲ್ಲರೆದುರು ನನ್ನ ಕೈ ಹಿಡಿದು ಜಗ್ಗಿದರು. "ನಿಂಗೆ ಗೊತ್ತಿತ್ತು ಕಣೇ. ಅದ್ಕೇ ಇಳ್ಕಂಡೆ." ಅಷ್ಟು ವರ್ಷ ಯಾರೂ ನಂಬದ ನನ್ನ ಹೊಟ್ಟೆಯೊಳಗಿನ ಮಾತನ್ನು ಆವತ್ತು ಇಡೀ ಊರೇ ನಂಬಿತು.

ಅತ್ತೆ ಈಗ ನನ್ನ ಜೊತೆ ಮಾತಾಡುವುದಿಲ್ಲ. ಆದರೆ ಬೇಲೂರಿಗೆ ಹೊರಟಾಗಲೆಲ್ಲ ಹೊಸಿಲ ಬಳಿ ನಿಂತು, ನನ್ನ ಮುಖ ನೋಡದೆ ಕೇಳುತ್ತಾರೆ: "ಏನಾದ್ರೂ ಅನ್ನಿಸ್ತೈತಾ?"

ನನ್ನೊಳಗೆ ನೀರು ಗುಳುಗುಳು ಎನ್ನುತ್ತಲೇ ಇರುತ್ತದೆ. ಏನೂ ಇಲ್ಲ, ಹೋಗಿ ಬನ್ನಿ ಎನ್ನುತ್ತೇನೆ. ಅವರು ಹೋಗಿ, ಬರುತ್ತಾರೆ.