ಖಾತೆಗೆ ಬರೆಸಿದ ಫೋನ್ ನಂಬರು

ಮಧ್ಯಾಹ್ನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಇಬ್ರಾಹಿಂಪುರದ ನಮ್ಮ ಮನೆಗೆ ಆ ಹೊತ್ತಿನಲ್ಲಿ ಯಾರೂ ಬರುವುದಿಲ್ಲ. ಬಂದವಳು ಚಪ್ಪಲಿ ಬಿಟ್ಟು, ನಾನು ಕರೆಯುವ ಮೊದಲೇ ಹೊಸ್ತಿಲು ದಾಟಿದಳು. ತಿಕೋಟಾದಲ್ಲಿ ನನ್ನ ತಂಗಿಯ ಓಣಿಯವಳು. ಬಬಲೇಶ್ವರದ ಸಂತೆಯಲ್ಲಿ ಸೀರೆ ಮಾರುತ್ತಾಳೆ. ಕೆಲಸ ಕೊಡಿಸುತ್ತೇನೆಂದು ತಂಗಿಯ ಮಗಳನ್ನು ಪುಣೆಗೆ ಕರೆದೊಯ್ದು ಮಾರಿ ಬಂದವಳೂ ಇವಳೇ. ಪೊಲೀಸರು ಹುಡುಗಿಯನ್ನು ಬಿಡಿಸಿ ತಂದಾಗಿನಿಂದ ಆಕೆ ನನ್ನ ಬಳಿ ಇದ್ದಳು. ಇವಳು ಜಾಮೀನಿನ ಮೇಲೆ ಹೊರಗಿದ್ದಳು.

"ಅಕ್ಕಾರ, ಬಾಯಿ ಸಿಹಿ ಮಾಡ್ರಿ. ಹುಡುಗಿ ಖಾತೇಕ ಸರಕಾರದ ಪರಿಹಾರ ಬಿತ್ತಲ್ಲ!"

ನಮಗೇ ಗೊತ್ತಿರಲಿಲ್ಲ. ಕೋರ್ಟಿನ ಆವರಣದ ಕಾನೂನು ನೆರವಿನ ಕಚೇರಿಗೆ ಅಲೆದು ಅಲೆದು ಅರ್ಜಿ ಕೊಟ್ಟಿದ್ದೆವು, ಓಣಿಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

"ನಿನಗ್ಯಾರ ಹೇಳಿದ್ರು?"

"ಹೇಳೂದೇನ್ ಬಂತ್ರಿ, ಮೆಸೇಜ್ ನನ್ನ ಫೋನಿಗೇ ಬರತೈತಿ." ನಕ್ಕಳು. "ರೊಕ್ಕ ಸಿಕ್ತಲ್ಲ, ಇನ್ನ ಸಾಕ್ಷಿ ಗೀಕ್ಷಿ ಅಂತ ಕೋರ್ಟಿಗೆ ಯಾಕ ಅಡ್ಡಾಡಬೇಕ ಆಕಿ? ಒಬ್ಬಾಕಿ ಬಸ್ಸಿನ್ಯಾಗ ಹೋಗಿ ಬರೂ ಹುಡುಗಿ. ನೀವ ತಿಳಿಸಿ ಹೇಳ್ರಿ."

ಹುಡುಗಿ ಒಳಕೋಣೆಯ ಬಾಗಿಲ ಹಿಂದೆಯೇ ನಿಂತಿದ್ದಳು. ಅವಳ ಉಸಿರು ಕೇಳಿಸದಿರಲೆಂದು ಮೊರ ಎತ್ತಿ ಜೋರಾಗಿ ಕೇರತೊಡಗಿದೆ.

ತಪ್ಪು ನಮ್ಮದೇ. ಶಾಲೆಯ ವಿದ್ಯಾರ್ಥಿವೇತನಕ್ಕೆಂದು ಆ ಖಾತೆ ತೆಗೆದಾಗ ತಂಗಿಯ ಓಣಿಯಲ್ಲಿ ಫೋನ್ ಇದ್ದದ್ದು ಇವಳೊಬ್ಬಳ ಹತ್ತಿರ. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಎಲ್ಲಕ್ಕೂ ಎಲ್ಲರೂ ಇವಳ ನಂಬರನ್ನೇ ಬರೆಸುತ್ತಿದ್ದರು. ಮೆಸೇಜ್ ಬಂದರೆ ಮನೆಗೇ ಬಂದು ಓದಿ ಹೇಳಿ, ಚಹಾ ಕುಡಿದು ಹೋಗುತ್ತಿದ್ದಳು. ಪರಿಹಾರದ ಅರ್ಜಿಗೆ ಅದೇ ಪಾಸ್‌ಬುಕ್ಕಿನ ನಕಲು ಹಚ್ಚುವಾಗ ನಮಗ್ಯಾರಿಗೂ ಇದು ಹೊಳೆಯಲಿಲ್ಲ.

ಅವಳು ಹೋದ ಮೇಲೆ ಕಾನೂನು ನೆರವಿನ ವಕೀಲರಿಗೆ ಫೋನ್ ಮಾಡಿದೆ. "ಆಕಿ ಜಾಮೀನು ರದ್ದ ಮಾಡಸೂದು ನಾ ನೋಡ್ತೀನ್ರಿ. ನೀವ್ ಮೊದಲ ನಂಬರ್ ಬದಲಿ ಮಾಡಸ್ರಿ" ಅಂದರು.

ಮರುದಿನ ಬೆಳಗಿನ ಬಸ್ಸಿಗೇ ತಿಕೋಟಾಕ್ಕೆ ಹೋದೆವು. ಬ್ಯಾಂಕಿನಿಂದ ಆ ಸೀರೆ ಮಾರುವವಳ ಮನೆ ಎರಡೇ ಓಣಿ ದೂರ. ಅರ್ಜಿಯಲ್ಲಿ ನನ್ನ ನಂಬರು ಬರೆಯಹೋದೆ. ಹುಡುಗಿ ಪೆನ್ನು ಕಸಿದುಕೊಂಡಳು. "ಬ್ಯಾಡ ದೊಡ್ಡವ್ವ, ನಂದ ಬರೀತೀನಿ."

ಗುಮಾಸ್ತ ಕಾಗದ ನೋಡಿ, "ಹಳೇ ನಂಬರಿಗೂ ಒಂದ ಮೆಸೇಜ್ ಹೋಗ್ತೈತ್ರಿ, ಬದಲಿ ಆಗೇತಿ ಅಂತ" ಅಂದ.

"ಈಗ ಹೋಗತೈತೇನ್ರಿ?"

"ಈಗಿಂದೀಗ."

ಹುಡುಗಿ ಬಾಗಿಲಾಚೆ ಓಣಿಯತ್ತ ನೋಡಿದಳು. ಆಮೇಲೆ ಕೇಳಿದಳು: "ಬ್ಯಾಂಕಿಗೆ ಹಿತ್ತಲ ಬಾಗಲಾ ಐತೇನ್ರಿ?"

ಅವನಿಗೆ ನಗು ಬಂತು. "ಬ್ಯಾಂಕಿಗೆ ಎಲ್ಲಿ ಹಿತ್ತಲ ತಂಗೀ! ಇರೂದ ಒಂದ ಬಾಗಲಾ."

ಆಕೆ ಸಹಿ ಮಾಡಿ ಕಾಗದವನ್ನು ಅವನತ್ತ ತಳ್ಳಿದಳು.